ಎರಡು ನೋಟ್‌ಬುಕ್, ಒಂದೇ ಕೈಬರಹ

ನಾಗಲಿಂಗಮ್ಮನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೈಗಳು ಬೇಕಾದಷ್ಟಿದ್ದವು, ಬರೆಯುವ ಕೈ ಒಂದೇ ಇತ್ತು. ಅದು ಹಿರಿಸೊಸೆ ಗಂಗಾಂಬಿಕಾಳದು. ಪಿಯುಸಿ ಎರಡನೇ ವರ್ಷದವರೆಗೆ ಓದಿ, ಮದುವೆಯಾಗಿ ಹರಪನಹಳ್ಳಿಗೆ ಬಂದವಳು. ಗ್ಯಾಸಿನ ಪುಸ್ತಕ, ಕರೆಂಟಿನ ಅರ್ಜಿ, ರೇಷನ್ ಕಾರ್ಡು, ಮಕ್ಕಳ ಶಾಲೆಯ ಫಾರಂ ಎಲ್ಲವೂ ಅವಳ ಮುಂದೆಯೇ ಬರುತ್ತಿದ್ದವು. ಗಂಡಸರಿಬ್ಬರಿಗೂ ಅಕ್ಷರ ಬರುತ್ತಿತ್ತು, ಆದರೆ ಪೆನ್ನು ಕಂಡರೆ ಅವರಿಗೆ ತಟ್ಟನೆ ಕೆಲಸ ನೆನಪಾಗುತ್ತಿತ್ತು. ಗಂಗಾಂಬಿಕಾಳಿಗೆ ತನ್ನ ದುಂಡನೆಯ ಅಕ್ಷರದ ಮೇಲೆ ಬಹಳ ಅಭಿಮಾನ. ಅಭಿಮಾನ ಪಡಲು ಆ ಮನೆ ತನಗೆ ಇನ್ನೇನನ್ನೂ ಕೊಟ್ಟಿಲ್ಲ ಎಂಬುದು ಅವಳ ಹದಿನೇಳು ವರ್ಷದ ದೂರು.

ಕಿರಿಸೊಸೆ ಸುಕನ್ಯಾ ಇಟ್ಟಿಗಿಯವಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ, ಆದರೆ ಅವಳು ಬಡಿದ ಜೋಳದ ರೊಟ್ಟಿ ತಿನ್ನಲೆಂದೇ ಮೆಕ್ಕೆಜೋಳ ಮಾರಲು ಬಂದ ರೈತರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯವರೆಗೆ ನಡೆದು ಬರುತ್ತಿದ್ದರು. ಅತ್ತೆ ನಾಗಲಿಂಗಮ್ಮ ದಿನಕ್ಕೆ ಇಪ್ಪತ್ತು ಸಲ ಸುಕನ್ಯಾಳನ್ನು ಕೂಗುತ್ತಿದ್ದಳು. ಗಂಗಾಂಬಿಕಾಳನ್ನು ಕೂಗುವುದು ಪೋಸ್ಟಿನವನು ಬಂದಾಗ ಮಾತ್ರ.

ಇಬ್ಬರಿಗೂ ಒಬ್ಬೊಬ್ಬಳು ಮಗಳು. ಮೂರು ತಿಂಗಳ ಅಂತರದಲ್ಲಿ ಹುಟ್ಟಿದವರು, ಹತ್ತನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು. ಗಂಗಾಂಬಿಕಾಳ ಮಗಳು ಯಶೋಧರಾ ತರಗತಿಗೇ ಮೊದಲಿಗಳು. ಸುಕನ್ಯಾಳ ಮಗಳು ಶಾಂತಕುಮಾರಿ ಎಲ್ಲ ವಿಷಯದಲ್ಲೂ ಪಾಸಾದ ದಿನ ಮನೆಯಲ್ಲಿ ಸಜ್ಜಕದ ಸಿಹಿ ಮಾಡುತ್ತಿದ್ದರು. ಹೀಗಿದ್ದ ಮೇಲೆ ಹೊಟ್ಟೆಕಿಚ್ಚು ಸುಕನ್ಯಾಳಿಗೆ ಇರಬೇಕಿತ್ತಲ್ಲವೇ? ಇದ್ದದ್ದು ಗಂಗಾಂಬಿಕಾಳಿಗೆ. ಯಶೋಧರಾಳ ಮಾರ್ಕ್ಸ್ ಕಾರ್ಡು ವರ್ಷಕ್ಕೆ ಮೂರು ಸಲ ಬಂದು, ಐದು ನಿಮಿಷ ಕೈಯಿಂದ ಕೈಗೆ ಓಡಾಡಿ, ಟ್ರಂಕು ಸೇರುತ್ತಿತ್ತು. ಖಾನಾವಳಿಯಲ್ಲಿ ಬಡಿಸಲು ನಿಲ್ಲುವ ಶಾಂತಾಳ ಹೊಗಳಿಕೆ ಮಾತ್ರ ದಿನಕ್ಕೆ ಎರಡು ಊಟದ ಪಂಕ್ತಿಯಲ್ಲೂ ನಡೆಯುತ್ತಿತ್ತು. ಗಿರಾಕಿಗಳು ಕೈ ತೊಳೆಯುತ್ತಾ ಕೇಳುತ್ತಿದ್ದದ್ದು, ‘ಎಲ್ಲ್ಯದಾಳ ನಿಮ್ಮ ಸಣ್ಣ ಯಜಮಾನ್ತಿ?’ ಎಂದು. ಯಶೋಧರಾ ಎಲ್ಲಿದ್ದಾಳೆಂದು ಯಾರೂ ಕೇಳಿದ್ದಿಲ್ಲ.

ಶ್ರಾವಣ ಮುಗಿದ ವಾರ ಶಾಲೆಯ ಗಣಿತದ ನಿಶಾತ ಟೀಚರ್ ಹತ್ತನೇ ತರಗತಿಯ ತಾಯಂದಿರನ್ನೆಲ್ಲ ಕರೆಸಿದರು. ಅವರೂ ಅದೇ ಊರಿನವರು, ಮಾತಿಗೆ ಸುತ್ತುಬಳಸು ಇಲ್ಲ. ಹತ್ತನೇದು ಮುಗಿದ ಮೇಲೆ ಹೆಚ್ಚು ಮಾರ್ಕ್ಸ್ ಬಂದವರು ಸೈನ್ಸು, ಕಡಿಮೆ ಬಂದವರು ಯಾವ ಬಸ್ಸು ಸರಿಯಾದ ಹೊತ್ತಿಗೆ ಸಿಗುತ್ತದೋ ಆ ಕಾಲೇಜು. ಇದನ್ನು ಒಂಬತ್ತು ವರ್ಷದಿಂದ ನೋಡಿ ತಮಗೆ ಸಾಕಾಗಿದೆ ಎಂದರು. ಮಕ್ಕಳಿಗೆ ಏನು ಒಲಿದಿದೆ ಎಂಬುದು ಪರೀಕ್ಷೆಯಲ್ಲಿ ಕಾಣುವುದಿಲ್ಲ, ಮನೆಯಲ್ಲಿ ಕಾಣುತ್ತದೆ ಎಂದು ಹೇಳಿ ಪ್ರತಿ ಮನೆಗೂ ನೀಲಿ ಹೊದಿಕೆಯ ನೋಟ್‌ಬುಕ್ ಕೊಟ್ಟರು. ಆರು ಭಾನುವಾರ ಮನೆಯ ಹಿರಿಯರು ಅದರಲ್ಲಿ ಬರೆಯಬೇಕು. ಈ ವಾರ ಮಗು ಯಾರೂ ಹೇಳದೆ ಮಾಡಿದ ಕೆಲಸ ಯಾವುದು, ಯಾವ ಕೆಲಸ ಮಾಡುವಾಗ ಹಸಿವು ಮರೆತಳು, ಅಷ್ಟೇ. ಮಕ್ಕಳು ಅದನ್ನು ಓದುವಂತಿಲ್ಲ.

‘ಅಕ್ಕ, ನಂದೂ ನೀವ ಬರೀರಿ,’ ಎಂದಳು ಸುಕನ್ಯಾ, ಶಾಲೆಯ ಗೇಟು ದಾಟುವ ಮೊದಲೇ. ‘ನಾ ಹೇಳ್ತೀನಿ, ನೀವು ಬರೀರಿ.’

ಗಂಗಾಂಬಿಕಾ ಒಪ್ಪಿಕೊಂಡಳು. ಒಪ್ಪದೆ ಇರಲು ಕಾರಣವೇ ಇರಲಿಲ್ಲ.

ಮೊದಲ ಭಾನುವಾರ ಮಧ್ಯಾಹ್ನ ಖಾನಾವಳಿಯ ಬಾಗಿಲು ಹಾಕಿ, ಪಾತ್ರೆ ಬೋರಲು ಹಾಕಿ, ಅವಳು ಯಶೋಧರಾಳ ನೋಟ್‌ಬುಕ್ ತೆರೆದು ಕೂತಳು. ‘ಓದಿದಳು’ ಎಂದು ಬರೆದಳು. ಆಮೇಲೆ ಟೀಚರ್ ಕೇಳಿದ್ದು ನೆನಪಾಯಿತು. ಯಾರೂ ಹೇಳದೆ ಮಾಡಿದ್ದು. ಓದು ಅಂತ ತಾನೇ ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ‘ಓದಿದಳು’ ಎಂಬುದನ್ನು ಹೊಡೆದು ಹಾಕಿದಳು. ಕಾಲು ಗಂಟೆ ಪೆನ್ನಿನ ತುದಿ ಕಚ್ಚಿದಳು. ಮೊದಲಿಗಳಾದ ಮಗಳ ಬಗ್ಗೆ ಬರೆಯಲು ಒಂದು ಸಾಲೂ ಹೊಳೆಯಲಿಲ್ಲ.

ಅಷ್ಟರಲ್ಲಿ ಸುಕನ್ಯಾ ಸೆರಗಿಗೆ ಕೈ ಒರೆಸುತ್ತಾ ಬಂದು ಕೂತಳು. ಅವಳಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಗುರುವಾರ ಶಾಂತಾ ಬಸ್‌ಸ್ಟ್ಯಾಂಡಿನಿಂದ ಬರುತ್ತಾ ಮಾರ್ಕೆಟ್ಟಿಗೆ ಲಾರಿ ಬಂದಿಲ್ಲ ಎಂದು ನೋಡಿಕೊಂಡು ಬಂದು, ಅರ್ಧ ಹಿಟ್ಟು ಮಾತ್ರ ನಾದಲು ಹೇಳಿದ್ದಳಂತೆ. ಸಂಜೆಗೆ ಒಂದು ರೊಟ್ಟಿಯೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ತಂಬ್ರಹಳ್ಳಿ ಕಡೆಯ ಗಿರಾಕಿಯೊಬ್ಬ ಪಲ್ಯ ತಣ್ಣಗಿದೆ ಎಂದು ತಾಟು ತಳ್ಳಿದಾಗ ಅವಳು ಏನೋ ಮಾತಾಡಿ ಮಜ್ಜಿಗೆ ಕೊಟ್ಟಳಂತೆ. ಆ ಮನುಷ್ಯ ಎರಡು ರೊಟ್ಟಿ ಹೆಚ್ಚು ತಿಂದು, ಮರುದಿನ ತಮ್ಮನನ್ನೂ ಕರೆದುಕೊಂಡು ಬಂದನಂತೆ. ಸುಕನ್ಯಾ ಹೇಳುತ್ತಲೇ ಇದ್ದಳು. ಗಂಗಾಂಬಿಕಾ ತೆರೆದಿದ್ದ ಯಶೋಧರಾಳ ಪುಟದ ಮೇಲೇ ಪೆನ್ನು ಊರಿದಳು.

ಕೈತಪ್ಪಿ ಬರೆದಳು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಎರಡೂ ನೋಟ್‌ಬುಕ್ಕಿಗೆ ಒಂದೇ ಬಣ್ಣವಿದ್ದದ್ದು ನಿಜ. ಆದರೆ ಗಂಗಾಂಬಿಕಾ ಕಣ್ಣು ಬಿಟ್ಟುಕೊಂಡೇ ಶಾಂತಾಳ ಗುರುವಾರವನ್ನು ಯಶೋಧರಾಳ ಪುಟದಲ್ಲಿ ಇಳಿಸಿದಳು. ಸುಕನ್ಯಾ ಎದುರಿಗೇ ಕೂತು, ತನ್ನ ಮಗಳ ಮಾತು ಸಾಲಾಗುವುದನ್ನು ಕಣ್ತುಂಬ ನೋಡಿದಳು. ಅಕ್ಕನ ಅಕ್ಷರ ಎಷ್ಟು ಚಂದ ಎಂದೂ ಹೇಳಿದಳು.

ಇನ್ನು ಶಾಂತಾಳ ನೋಟ್‌ಬುಕ್ಕಿಗೂ ಏನಾದರೂ ಬೇಕಲ್ಲ. ಅಲ್ಲಿಗೆ ಗಂಗಾಂಬಿಕಾ ತನಗೆ ಬೇಡವಾದದ್ದನ್ನು ಹಾಕಿದಳು. ಯಶೋಧರಾಳಿಗೆ ಒಂದು ಕೆಟ್ಟ ಚಟವಿತ್ತು. ಕೆಟ್ಟು ಕೂತ ವಸ್ತು ಕಂಡರೆ ಬಿಚ್ಚುವುದು. ಆ ವಾರ ಮಿಕ್ಸಿ ಬಿಚ್ಚಿ, ಊಟಕ್ಕೆ ಕರೆದರೂ ಏಳದೆ, ಕೈಯೆಲ್ಲ ಕಪ್ಪು ಮಾಡಿಕೊಂಡು ತಾಯಿಯಿಂದ ಬೈಸಿಕೊಂಡಿದ್ದಳು. ಡಾಕ್ಟರ್ ಆಗಬೇಕಾದ ಹುಡುಗಿಗೆ ಸ್ಕ್ರೂ ತಿರುಗಿಸುವ ಕೆಲಸವೇನು? ಪಕ್ಕದ ಮೋಟಾರ್ ರಿಪೇರಿ ಅಂಗಡಿಯ ಖಲಂದರನ ಕೆಲಸ ಅದು. ಶಾಂತಾಳ ಹೆಸರಿಗಾದರೆ ಸರಿಯಾಗಿ ಒಪ್ಪುತ್ತದೆ ಅಂದುಕೊಂಡು, ‘ಮಿಕ್ಸಿ ಬಿಚ್ಚಿದಳು, ಊಟ ಮರೆತಳು’ ಎಂದು ಬರೆದು ಮುಗಿಸಿದಳು.

ಹೀಗೆ ಆರು ಭಾನುವಾರ. ಶಾಂತಾಳ ಪುಟ ತುಂಬಿಸಲು ಗಂಗಾಂಬಿಕಾ ವಾರವಿಡೀ ಸ್ವಂತ ಮಗಳ ಚಟಗಳ ಮೇಲೆ ಕಣ್ಣಿಡಬೇಕಾಯಿತು. ಊಟದ ಮನೆಯ ಫ್ಯಾನು ಟಕಟಕ ಅನ್ನುತ್ತಿದ್ದದ್ದು ಒಂದು ಬೆಳಿಗ್ಗೆ ನಿಂತಿತ್ತು. ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದ್ದವಳು ಯಶೋಧರಾ. ನೀರಿನ ಮೋಟಾರು ಗುಂಯ್ ಎಂದು ಕೂತಾಗ, ಇದು ಕೆಪಾಸಿಟರ್ ಹೋಗಿರುವ ಸಪ್ಪಳ ಎಂದು ಅವಳು ಮೆಲ್ಲಗೆ ಹೇಳಿದ್ದಳು. ಖಲಂದರ ನಕ್ಕು, ಬಿಚ್ಚಿ ನೋಡಿ, ನಗುವುದು ನಿಲ್ಲಿಸಿದ. ಗಂಗಾಂಬಿಕಾ ಎಲ್ಲವನ್ನೂ ಬರೆದಳು, ದಿನ ವಾರ ಸಮೇತ, ಶಾಂತಾಳ ಹೆಸರಿನಲ್ಲಿ. ಸುಳ್ಳು ಬರೆಯುವಾಗಲೂ ಅವಳಿಗೆ ಅಚ್ಚುಕಟ್ಟು ಬೇಕಿತ್ತು.

ದಸರಾ ರಜೆ ಮುಗಿದ ಮೇಲೆ ನಿಶಾತ ಟೀಚರ್ ಒಂದೊಂದೇ ಮನೆಯವರನ್ನು ಕರೆದು ಕೂರಿಸಿದರು. ನಾಗಲಿಂಗಮ್ಮ ಇಬ್ಬರು ಸೊಸೆಯರನ್ನೂ ಮುಂದಿಟ್ಟುಕೊಂಡು ಹೋದಳು. ಹುಡುಗಿಯರು ಆಗ ಕ್ಲಾಸಿನಲ್ಲಿದ್ದರು.

ಟೀಚರ್ ಮೊದಲು ಯಶೋಧರಾಳ ನೋಟ್‌ಬುಕ್ ತೆರೆದರು. ಈ ಹುಡುಗಿಗೆ ಜನರನ್ನು ಸಂಭಾಳಿಸುವ, ವ್ಯವಹಾರದ ಅಂದಾಜು ಹಿಡಿಯುವ ಗುಣ ಎದ್ದು ಕಾಣುತ್ತಿದೆ ಎಂದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಮನೆಯಲ್ಲಿ ಹೀಗೆ ಎಂದು ತಾವು ಊಹಿಸಿರಲೇ ಇಲ್ಲವಂತೆ. ಗಂಗಾಂಬಿಕಾ ಬೆನ್ನು ನೆಟ್ಟಗೆ ಮಾಡಿ ಕೂತಳು. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು ಎಂಬ ಮಾತು ಈಗ ಬರುತ್ತದೆ ಎಂದು ಕಾದಳು.

‘ಸೈನ್ಸಿಗೆ ಹಾಕಿ ಈ ಗುಣ ಹಾಳು ಮಾಡಬ್ಯಾಡ್ರಿ,’ ಎಂದರು ಟೀಚರ್. ‘ಕಾಮರ್ಸ್ ಕೊಡಿಸ್ರಿ. ಆಮ್ಯಾಗ ಹೋಟೆಲ್ ನಡೆಸೋ ಕೋರ್ಸ್ ಅದಾವ. ನಿಮ್ಮ ಖಾನಾವಳಿನ ಇನ್ನೂ ದೊಡ್ಡದು ಮಾಡ್ತಾಳ.’

ಡಾಕ್ಟರು ಎನ್ನಲು ಗಂಗಾಂಬಿಕಾ ಬಾಯಿ ತೆರೆಯುವ ಮೊದಲೇ ಟೀಚರ್ ಎರಡನೇ ನೋಟ್‌ಬುಕ್ ಎತ್ತಿಕೊಂಡರು, ಅವರ ಮುಖ ಅರಳಿತು. ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಯಂತ್ರದ ಕೆಲಸ ಕಲಿಸುವ ಒಂದು ಸಂಸ್ಥೆ ಇದೆ, ಮೂರು ವರ್ಷದ ಡಿಪ್ಲೊಮಾ, ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲ ಅವರದೇ, ಪ್ರತಿ ಶಾಲೆಯಿಂದ ಒಬ್ಬಳೇ ಹುಡುಗಿ. ಇಡೀ ತರಗತಿಯ ನೋಟ್‌ಬುಕ್ ಓದಿದ್ದೇನೆ, ಶಾಂತಕುಮಾರಿಯಂಥವಳು ಇನ್ನೊಬ್ಬಳಿಲ್ಲ, ಅವಳ ಹೆಸರನ್ನೇ ಕಳಿಸುತ್ತೇನೆ ಎಂದರು. ಹದಿನೈದು ದಿನಕ್ಕೆ ಅಲ್ಲಿ ಪರೀಕ್ಷೆ. ಕೆಟ್ಟ ಯಂತ್ರವೊಂದನ್ನು ಹುಡುಗಿಯ ಮುಂದಿಟ್ಟು ಒಂದು ತಾಸು ಕೊಡುತ್ತಾರಂತೆ. ಶಾಂತಾಳಿಗೂ ಯಂತ್ರಕ್ಕೂ ಏನು ಸಂಬಂಧ ಎಂದು ಸುಕನ್ಯಾ ಕೇಳಲಿಲ್ಲ, ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕು ಅಂದುಕೊಂಡಳು.

‘ಇದನ್ನ ಬರೆದವರು ಯಾರ್ರಿ?’ ಎಂದು ಟೀಚರ್ ಕೇಳಿದರು.

‘ನಮ್ಮಕ್ಕ,’ ಎಂದಳು ಸುಕನ್ಯಾ.

‘ಮಕ್ಕಳನ್ನ ಹಿಂಗ ನೋಡೋರು ಕಡಿಮೆ ಅದಾರ. ನಾ ಓದಿದ್ರಾಗ ಇದಕ್ಕಿಂತ ಚಲೋ ಬರದಿದ್ದು ಇಲ್ಲ.’

ಪಿಯುಸಿ ಬಿಟ್ಟಾಗಿನಿಂದ ಗಂಗಾಂಬಿಕಾಳ ಬರಹವನ್ನು ಓದಿದವರೊಬ್ಬರು ಹೊಗಳಿದ್ದು ಅದೇ ಮೊದಲು. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವಳಿಗೆ ಓಡಿಹೋಗಬೇಕು ಅನ್ನಿಸಿತು.

ಅಂದಿನ ಊಟ ಅವಳ ಪಾಲಿಗೆ ಶಿಕ್ಷೆಯಾಯಿತು. ಸುಕನ್ಯಾ ಒಲೆಯಿಂದ ಇಳಿಸಿದ ಮೊದಲ ರೊಟ್ಟಿಯನ್ನು ಅತ್ತೆಗೆ ಕೊಡದೆ ಗಂಗಾಂಬಿಕಾಳ ತಾಟಿಗೆ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು. ಸ್ವಂತ ಮಗಳಿಗಿಂತ ಹೆಚ್ಚಾಗಿ ಅಕ್ಕ ತನ್ನ ಮಗಳ ಬಗ್ಗೆ ಬರೆದಳೆಂದು ಗಂಡ ಮಾರೇಶನಿಗೆ ಹೇಳಿದಳು, ಹಾಲಿನವಳಿಗೆ ಹೇಳಿದಳು, ಮರುದಿನ ಇಟ್ಟಿಗಿಗೆ ಫೋನು ಮಾಡಿ ಹೇಳಿದಳು. ಗಂಗಾಂಬಿಕಾಳ ಗಂಡ ಕೊಟ್ರಸ್ವಾಮಿ ಖುಷಿಯಾಗಿ, ಮಗಳು ಖಾನಾವಳಿ ನೋಡಿಕೊಳ್ಳುತ್ತಾಳೆಂದರೆ ಮನೆಯಲ್ಲೇ ಉಳಿಯುತ್ತಾಳಲ್ಲ, ಡಾಕ್ಟರ್ ಗೀಕ್ಟರ್ ಯಾಕೆ ಎಂದ. ಯಶೋಧರಾ ಅರ್ಧ ರೊಟ್ಟಿ ಬಿಟ್ಟು ಎದ್ದಳು.

‘ಉಣ್ಣು,’ ಎಂದಳು ಅಜ್ಜಿ.

‘ಸಾಕಜ್ಜಿ.’

‘ಶಾಂತಾಗ ಸಿಕ್ಕಿತು ಅಂತ ನಿನಗ ಹೊಟ್ಟಿಕಿಚ್ಚೇನು?’

ಯಶೋಧರಾ ಇಲ್ಲ ಎಂದು ತಲೆಯಾಡಿಸಿ ಕೈ ತೊಳೆಯಲು ಹೋದಳು. ಗಂಗಾಂಬಿಕಾ ತಾಟಿನ ಮೇಲಿಂದ ಕಣ್ಣೆತ್ತಲಿಲ್ಲ.

ಮೆಕ್ಕೆಜೋಳದ ಹಂಗಾಮು ಜೋರಾಗಿತ್ತು. ಮಧ್ಯಾಹ್ನ ಮೂರು ಪಂಕ್ತಿ ಊಟ. ಆ ಗದ್ದಲದಲ್ಲೂ ಶಾಂತಾ ದೊಡ್ಡವ್ವನ ಬೆನ್ನು ಬಿಡಲಿಲ್ಲ. ಪುಸ್ತಕದಲ್ಲಿ ಏನು ಬರೆದಿದ್ದಿ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಮಕ್ಕಳು ಕೇಳಬಾರದು, ಟೀಚರ್ ಹೇಳಿದ್ದಾರೆ ಎಂದು ಗಂಗಾಂಬಿಕಾ ಜಾರಿಕೊಳ್ಳುತ್ತಿದ್ದಳು. ನಾಲ್ಕನೇ ದಿನ ಶಾಂತಾ ತಾಟುಗಳ ರಾಶಿಯನ್ನು ಬಚ್ಚಲ ಕಲ್ಲಿನ ಮೇಲೆ ಇಟ್ಟು ಅಲ್ಲೇ ನಿಂತಳು.

‘ದೊಡ್ಡವ್ವ, ಟೀಚರ್ ಇವತ್ತು ನನ್ನ ಕೇಳಿದ್ರು, ಮೋಟಾರಿನ ಸಪ್ಪಳ ನಿನಗ ಹೆಂಗ ಗೊತ್ತಾತು ಅಂತ. ನಾ ಸುಮ್ನ ನಿಂತೆ. ಅದು ಯಶು ಹೇಳಿದ್ದಲ್ಲ?’

‘ನಿಮ್ಮವ್ವ ಹೇಳಿದಂಗ ಬರದೀನಿ,’ ಎಂದಳು ಗಂಗಾಂಬಿಕಾ. ಒಂದು ಸುಳ್ಳಿಗೆ ಇನ್ನೊಂದನ್ನು ಕಟ್ಟಿದ್ದಾಯಿತು.

‘ನಮ್ಮವ್ವ ಯಾಕ ಹಂಗ ಹೇಳ್ತಾಳ?’

‘ಮಗಳು ಮುಂದ ಬರ್ಲಿ ಅಂತ ಹೇಳಿರ್ಬೇಕು. ಹೋಗು, ಮೂರನೇ ಪಂಕ್ತಿಗೆ ನೀರು ಇಡು.’

ಶಾಂತಾ ಹೋದಳು. ತನ್ನ ತಾಯಿ ತನಗಾಗಿ ಸುಳ್ಳು ಹೇಳಿದ್ದಾಳೆಂದು ನಂಬಿಯೇ ಹೋದಳು. ಅವ್ವನ ಮಾನ ಹೋದೀತೆಂದು ಟೀಚರ್ ಮುಂದೆ ಬಾಯಿ ಬಿಡದೆ ಉಳಿದಳು. ಗಿರಾಕಿಗಳೊಂದಿಗೆ ಹರಟುವುದೂ ಕಡಿಮೆಯಾಯಿತು.

ಗಂಗಾಂಬಿಕಾಳ ಮುಂದೆ ಎರಡು ದಾರಿಗಳಿದ್ದವು. ನಿಜ ಹೇಳಿದರೆ ಸೀಟು ಮಗಳಿಗೆ ಬರಬಹುದು, ಆದರೆ ಮನೆಯವರೆದುರು ತನ್ನ ಮುಖಕ್ಕೆ ಮಸಿ. ಸುಮ್ಮನಿದ್ದರೆ ಶಾಂತಾ ದಾವಣಗೆರೆಗೆ ಹೋಗಿ, ಬಿಚ್ಚಿಟ್ಟ ಯಂತ್ರದ ಮುಂದೆ ಒಂದು ತಾಸು ಕೈಕಟ್ಟಿ ಕೂತು, ಅತ್ತುಕೊಂಡು ಬರುತ್ತಾಳೆ. ಸೀಟು ಯಾರಿಗೂ ಸಿಗುವುದಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಅವಳು ಎರಡನೆಯ ದಾರಿಯ ಬಗ್ಗೆಯೇ ಹೆಚ್ಚು ಯೋಚಿಸಿದಳು. ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಾ, ದಾವಣಗೆರೆಯಿಂದ ಬಸ್ಸಿಳಿದು ಬರುವ ಶಾಂತಾಳ ಮುಖ ಹೇಗಿರುತ್ತದೆ ಎಂದು ಕಣ್ಣಿಗೆ ತಂದುಕೊಂಡಳು. ಆಗ ಅತ್ತೆ ಏನನ್ನುತ್ತಾಳೆ, ಗಿರಾಕಿಗಳು ಯಾವ ಯಜಮಾನ್ತಿಯನ್ನು ಕೇಳುತ್ತಾರೆ ಎಂದೂ ಯೋಚಿಸಿದಳು. ಒಂದಿಷ್ಟು ಸುಖವೂ ಆಯಿತು.

ಪರೀಕ್ಷೆಗೆ ಒಂದು ವಾರವಿತ್ತು. ಸುಕನ್ಯಾ ಬಂದು, ದಾವಣಗೆರೆಗೆ ಶಾಂತಾಳ ಜೊತೆ ಅಕ್ಕನೇ ಹೋಗಬೇಕು, ತನಗೆ ಬೋರ್ಡು ಓದಲು ಬರುವುದಿಲ್ಲ, ದೊಡ್ಡವ್ವ ಪಕ್ಕದಲ್ಲಿದ್ದರೆ ಹುಡುಗಿಗೆ ಧೈರ್ಯ ಎಂದಳು. ಗಂಗಾಂಬಿಕಾ ನೋಡೋಣ ಎಂದಳು.

ಶನಿವಾರ ಶಾಲೆ ಅರ್ಧ ದಿನ. ಪಂಕ್ತಿಗಳು ಮುಗಿದ ಮೇಲೆ ಗಂಗಾಂಬಿಕಾ ಒಣಹಾಕಿದ ಸಂಡಿಗೆ ತೆಗೆಯಲು ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಆಚೆ ಹುಡುಗಿಯರಿಬ್ಬರೂ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ನಡುವೆ ಮಿಕ್ಸಿ, ಬಿಚ್ಚಿದ ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಯಶೋಧರಾ ಕಲಿಸುತ್ತಿದ್ದಳು. ಮೊದಲು ವೈರು ನೋಡಬೇಕು, ಆಮೇಲೆ ಸ್ವಿಚ್ಚು, ಆಮೇಲೆ ಮೋಟಾರಿಗೆ ಕರೆಂಟು ತಾಗಿಸುವ ಕಾರ್ಬನ್. ಯಾವ ಯಂತ್ರ ಕೊಟ್ಟರೂ ಕರೆಂಟು ಒಳಗೆ ಬರುವ ದಾರಿಯಿಂದಲೇ ಶುರು ಮಾಡು, ಹೆದರಬೇಡ ಎನ್ನುತ್ತಿದ್ದಳು. ಶಾಂತಾ ಒಂದು ಸ್ಕ್ರೂ ಬೀಳಿಸಿದಳು. ಯಶೋಧರಾ ಹುಡುಕಿ ಕೊಟ್ಟು ಮೊದಲಿನಿಂದ ಶುರು ಮಾಡಿದಳು. ಐದನೆಯ ಸಲವೋ ಆರನೆಯ ಸಲವೋ ಇರಬೇಕು, ಶಾಂತಾಳ ಕೆನ್ನೆ ಒದ್ದೆಯಾಗಿತ್ತು.

‘ನಂಗ ಆಗಂಗಿಲ್ಲ ಯಶು. ಇದು ನಿಂದು. ನೀ ಹೋಗು.’

‘ಹೆಸರು ನಿಂದ ಐತಿ. ನೀ ಅಲ್ಲಿ ಹೋಗಿ ಅತ್ರ ಚಿಗವ್ವ ತಡಕೊಳ್ಳಂಗಿಲ್ಲ. ಬಾ, ಇನ್ನೊಂದ್ ಸಲ.’

ಯಶೋಧರಾಳ ದನಿ ಇಷ್ಟು ಗಟ್ಟಿಯಾಗಿರುವುದನ್ನು ಗಂಗಾಂಬಿಕಾ ಕೇಳಿಯೇ ಇರಲಿಲ್ಲ. ತನಗೆ ಸೇರಬೇಕಾದದ್ದನ್ನು ಮಗಳು ಕೈಯಾರೆ ಇನ್ನೊಬ್ಬಳಿಗೆ ಕೊಡುತ್ತಿದ್ದಳು, ಅದೂ ಅವಳು ಅಳಬಾರದೆಂದು. ಇಷ್ಟು ದಿನ ತಾನು ನೆನೆದು ಸುಖಪಟ್ಟದ್ದು ಅದೇ ಅಳುವನ್ನು. ಗಂಗಾಂಬಿಕಾಳಿಗೆ ತನ್ನ ಮೇಲೆ ಹೇಸಿಗೆ ಬಂತು. ಸಂಡಿಗೆಯ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದಳು.

ಸಂಜೆ ಮನೆಯವರೆಲ್ಲ ಚಹಾಕ್ಕೆ ಕೂತಾಗ ಹೇಳಿದಳು. ಸುತ್ತಿ ಬಳಸಿ ಹೇಳಲು ನೋಡಿದಳು, ಆಗಲಿಲ್ಲ. ‘ಎರಡೂ ಪುಸ್ತಕದಾಗ ನಾ ಅದಲು ಬದಲು ಬರದೀನಿ. ಶಾಂತಾಂದು ಯಶುಗ, ಯಶುಂದು ಶಾಂತಾಗ. ಬೇಕಂತ್ಲೆ ಬರದೀನಿ.’

ಕೊಟ್ರಸ್ವಾಮಿ ಚಹಾ ಕುಡಿಯುತ್ತಿದ್ದ ಬಸಿಯನ್ನು ಕೆಳಗಿಟ್ಟ. ಯಾಕೆ ಎಂದು ಮಾರೇಶ ಕೇಳಿದ. ಅದಕ್ಕೆ ಅವಳು ಉತ್ತರಿಸುವ ಮೊದಲೇ ನಾಗಲಿಂಗಮ್ಮ, ‘ಹೊಟ್ಟಿಕಿಚ್ಚು, ಮತ್ಯಾಕ?’ ಎಂದಳು.

‘ಹೌದ್ರಿ ಅತ್ತಿ,’ ಎಂದಳು ಗಂಗಾಂಬಿಕಾ. ‘ನೀವು ದಿನಾ ಶಾಂತಾನ್ನ ಹೊಗಳ್ತೀರಿ. ನನ್ನ ಮಗಳ ಬಗ್ಗೆ ಬರ್ಯಾಕ ಕುಂತ್ರ ನಂಗ ಒಂದ್ ಮಾತು ಸಿಗಲಿಲ್ಲ.’

ಎಲ್ಲರೂ ಸುಕನ್ಯಾಳ ಕಡೆ ನೋಡಿದರು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಗಂಗಾಂಬಿಕಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

‘ನಂಗ ಓದಾಕ ಬರಂಗಿಲ್ಲ ಅಂತ ನಿಮ್ಮ ಕೈಯಾಗ ಕೊಟ್ಟಿದ್ದೆ ಅಕ್ಕ,’ ಎಂದಳು. ‘ನಿಮ್ಮ ಮುಂದ ಕುಂತು ನೋಡಾಕತ್ತಿದ್ದೆ. ಚಂದ ಐತಿ ಅಂದಿದ್ದೆ.’

ಶಾಂತಾ ಎದ್ದು ಹೋಗಿ ತಾಯಿಯ ಪಕ್ಕ ಕೂತಳು. ಅವ್ವ ಸುಳ್ಳು ಹೇಳಿದ್ದಾಳೆಂದು ಇಷ್ಟು ದಿನ ನಂಬಿದ್ದಕ್ಕೆ ಅವಳಿಗೆ ಅಳು ಬಂತು. ಅದನ್ನೂ ಅವಳು ಹೇಳಿಬಿಟ್ಟಳು, ದೊಡ್ಡವ್ವ ಬಚ್ಚಲ ಹತ್ತಿರ ಏನು ಹೇಳಿದಳೆಂಬುದನ್ನೂ. ಅಲ್ಲಿಗೆ ಗಂಗಾಂಬಿಕಾಳ ಪರವಾಗಿ ಮಾತಾಡುವವರು ಆ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ.

ಯಶೋಧರಾ ಮಾತ್ರ ತಾಯಿಯ ಎದುರು ನಿಂತಳು.

‘ಮೋಟಾರಿಂದೂ ಬರದಿದ್ಯಾ ಅವ್ವ? ಫ್ಯಾನಿಂದೂ?’

‘ಎಲ್ಲಾ ಬರದೀನಿ.’

‘ನೀ ನನ್ನ ನೋಡೋದ ಇಲ್ಲ ಅಂತ ತಿಳ್ಕೊಂಡಿದ್ದೆ. ಇಷ್ಟೆಲ್ಲಾ ನೋಡೀದಿ. ನನ್ನ ಹೆಸರಿನ್ಯಾಗ ಬರ್ಯಾಕ ಯಾಕ ಮನಸ್ಸು ಬರಲಿಲ್ಲ?’



ಭಾನುವಾರ ಬೆಳಿಗ್ಗೆಯೇ ಅವಳು ನಿಶಾತ ಟೀಚರ್ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಟೀಚರ್ ಅರ್ಜಿಯ ಕಾಗದ ಹೊರತೆಗೆದರು. ಹೆಸರು ಬದಲಿಸಲು ಸೋಮವಾರ ಸಂಜೆಯವರೆಗೆ ಅವಕಾಶವಿದೆ, ಆದರೆ ಅರ್ಜಿಯ ಜೊತೆ ಮನೆಯವರ ಬರಹ ಹೋಗಬೇಕು ಎಂದರು. ‘ನಿಮ್ಮ ಮಾತು ನಾ ಇನ್ನ ನಂಬಂಗಿಲ್ರಿ. ಬ್ಯಾರೆ ಯಾರರೆ ಹೇಳ್ಬೇಕು. ಆ ಹುಡುಗಿನ್ನ ಹತ್ತಿರದಿಂದ ನೋಡಿದೋರು.’

ಹತ್ತಿರದಿಂದ ನೋಡಿದವರು ಯಾರು ಎಂದು ಮನೆಯಲ್ಲಿ ಕೇಳಿದಾಗ ಯಶೋಧರಾ ತಡಮಾಡದೆ, ‘ಚಿಗವ್ವ’ ಎಂದಳು. ಸುಕನ್ಯಾಗೆ ಬರೆಯಲು ಬಾರದು. ಕೊಟ್ರಸ್ವಾಮಿ ಪೆನ್ನು ಹುಡುಕಲು ಎದ್ದ. ಸುಕನ್ಯಾ ಬೇಡವೆಂದಳು. ಹಿಂದಿನ ಸಂಜೆಯಿಂದ ಅವಳು ಗಂಗಾಂಬಿಕಾಳ ಜೊತೆ ಮಾತಾಡಿರಲಿಲ್ಲ, ರೊಟ್ಟಿಯನ್ನೂ ಶಾಂತಾಳ ಕೈಯಲ್ಲಿ ಕಳಿಸಿದ್ದಳು. ಈಗ ಬಂದು ಎದುರಿಗೆ ಕೂತಳು.

‘ಅಕ್ಕನ ಬರೀಲಿ,’ ಎಂದಳು. ‘ನಾ ಹೇಳಿದಂಗ ಬರೀಲಿ. ನಾಳೆ ಟೀಚರ್ ಕೈಲೆ ಓದಿಸಿ ಕೇಳ್ತೀನಿ.’

ಗಂಗಾಂಬಿಕಾ ಹೊಸ ಹಾಳೆಯ ಮೇಲೆ ಮಗಳ ಹೆಸರು ಬರೆದು ಕಾದಳು. ಮಿಕ್ಸಿ, ಫ್ಯಾನು, ಮೋಟಾರು, ಇವೇ ತಾನೇ, ತನಗೆ ಗೊತ್ತಿರುವುದೇ ಎಂದುಕೊಂಡಳು. ಸುಕನ್ಯಾ ಅವುಗಳಿಂದ ಶುರು ಮಾಡಲಿಲ್ಲ.

‘ಬರೀರಿ. ಯಶು ಎಂಟನೇ ಕ್ಲಾಸಿನಿಂದ ನನ್ನ ಹತ್ರ ಬಂದು ಕುಂದರ್ತಾಳ. ಮೊದಲು ನನ್ನ ಕೆಟ್ಟ ಟಾರ್ಚ್ ರಿಪೇರಿ ಮಾಡಿದ್ಲು. ಆಮ್ಯಾಗ ಓಣ್ಯಾಗಿನ ಮೂರು ಮನಿ ಇಸ್ತ್ರಿಪೆಟ್ಟಿಗಿ. ಅವಳ ಸ್ಕ್ರೂಡ್ರೈವರ್, ಟೆಸ್ಟರ್ ನನ್ನ ಹಿಟ್ಟಿನ ಡಬ್ಬಿ ಹಿಂದ ಇಟ್ಕೊಂಡೀನಿ.’

ಗಂಗಾಂಬಿಕಾ ಬರೆದಳು.

‘ಒಂದಿನ ನಂಗಂದ್ಲು, ಚಿಗವ್ವ, ಯಂತ್ರದ ಒಳಗ ಎಲ್ಲಾದಕ್ಕೂ ಕಾರಣ ಇರ್ತೈತಿ, ಹುಡುಕಿದ್ರ ಸಿಗ್ತೈತಿ, ಅದಕ್ಕ ನಂಗ ಸೇರ್ತೈತಿ ಅಂತ. ಡಾಕ್ಟರ್ ಆಗೋದು ನಂಗ ಬ್ಯಾಡ, ಅವ್ವಗ ಹೇಳಾಕ ಹೆದರಿಕಿ ಅಂತ ಅತ್ತಿದ್ಲು.’

ಗಂಗಾಂಬಿಕಾಳ ಪೆನ್ನು ನಿಂತಿತು. ಎರಡು ವರ್ಷ. ಎರಡು ವರ್ಷದಿಂದ ತನ್ನ ಮಗಳು ಇದೇ ಮನೆಯಲ್ಲಿ, ತನ್ನಿಂದ ಹತ್ತು ಹೆಜ್ಜೆ ಆಚೆ, ಮನಸ್ಸು ಬಿಚ್ಚಿ ಮಾತಾಡಿದ್ದಳು, ಅತ್ತಿದ್ದಳು, ಇನ್ನೊಬ್ಬಳ ಮುಂದೆ. ಮಾರ್ಕ್ಸ್ ಕಾರ್ಡು ತನಗೆ ಸಿಕ್ಕಿತ್ತು, ಮಗಳು ಸುಕನ್ಯಾಳಿಗೆ ಸಿಕ್ಕಿದ್ದಳು. ಹದಿನೇಳು ವರ್ಷದಲ್ಲಿ ಆ ಹೆಣ್ಣಿನ ಮೇಲೆ ಎಷ್ಟೋ ಸಲ ಹೊಟ್ಟೆ ಉರಿದಿತ್ತು, ಆದರೆ ಈಗ ಉರಿದಷ್ಟು ಯಾವತ್ತೂ ಉರಿದಿರಲಿಲ್ಲ.

‘ಇನ್ನೊಂದೈತಿ,’ ಎಂದು ಸುಕನ್ಯಾ ಹಿಂಜರಿದಳು. ‘ಹೇಳ್ಲೋ ಬ್ಯಾಡೋ.’

‘ಹೇಳು.’

‘ನಿಮ್ಮ ಹೆಜ್ಜಿ ಸಪ್ಪಳ ಕೇಳಿದ ಕೂಡ್ಲೆ ಎಲ್ಲಾ ಬಚ್ಚಿಟ್ಟು ಪುಸ್ತಕ ತೆಗೀತಾಳ. ಎಷ್ಟು ದೂರದಿಂದರ ಕೇಳಿಸ್ತೈತಿ ಅವಳಿಗೆ. ಮೋಟಾರಿನ ಸಪ್ಪಳ ಕಂಡು ಹಿಡಿಯೋದು ಅವಳು ಅಲ್ಲೇ ಕಲ್ತಿದ್ದು ಅಂತೀನಿ ನಾನು.’

ಬಾಗಿಲ ಬಳಿ ನಿಂತಿದ್ದ ಯಶೋಧರಾ ತಾಯಿಯ ಕೈಯನ್ನೇ ನೋಡಿದಳು. ನಾಗಲಿಂಗಮ್ಮ, ಅದೊಂದು ಬಿಟ್ಟು ಬರೆಯಲಿ ಬಿಡು ಎಂದು ಸುಕನ್ಯಾಗೆ ಹೇಳಿದಳು.

ಗಂಗಾಂಬಿಕಾ ಹಾಳೆಯನ್ನು ಸರಿಮಾಡಿಕೊಂಡು, ಒಂದಕ್ಷರವನ್ನೂ ಬಿಡದೆ, ಅದನ್ನೂ ಬರೆದಳು.